ಅಮ್ಮಾ ಅಂತ ಅಳೋ ಆ ಇಂಗ್ಲಿಷ್ ಹಾಡು

ಈ ಸಲದ ಅವರೆಕಾಯಿ ಕಾಲ. ಒಂದು ಭಾನುವಾರ ರಾತ್ರಿ ಅವ್ವ ನಡುಮನೆಯಲ್ಲಿ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನಾನು ಪಕ್ಕದಲ್ಲೇ ಗೋಡೆಗೊರಗಿ ಫೋನ್ ಹಿಡಿದಿದ್ದೆ. ಇಯರ್‌ಫೋನ್ ಕೆಟ್ಟು ವಾರವಾಗಿತ್ತು, ಹಾಗಾಗಿ ಹಾಡನ್ನು ಜೋರಾಗಿಯೇ ಹಾಕಿದ್ದೆ. ಶುರುವಾಗಿ ಒಂದು ನಿಮಿಷ ಆಗಿರಬೇಕು, ಅವ್ವ ಕೈ ನಿಲ್ಲಿಸಿದಳು.

‘ಅದ್ಯಾರ್ಲಾ ಅದು? ಅಮ್ಮಾ ಅಂತ ಅಳ್ತಾವ್ನೆ?’

ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಂದರೆ ಬಸ್ಸು, ಕರೆಂಟು, ರೇಷನ್ನು, ಲೋನು. ಆದರೆ ಆ ಹಾಡಿನಲ್ಲಿ ಒಬ್ಬ ಮಗ ತಾಯಿಯನ್ನು ಕರೆಯುತ್ತಿದ್ದಾನೆ, ಅವನಿಗೆ ಏನೋ ಆಗಬಾರದ್ದು ಆಗಿದೆ ಎನ್ನುವುದು ಅವಳಿಗೆ ಒಂದೇ ನಿಮಿಷಕ್ಕೆ ತಿಳಿದುಹೋಯಿತು. ನನಗೆ ಅದೇ ಹಾಡು ಅರ್ಥವಾಗಲು ಹಾಸ್ಟೆಲಿನಲ್ಲಿ ಎಂಟು ತಿಂಗಳು ಹಿಡಿದಿತ್ತು.

ಹಾಡಿನ ಹೆಸರು ‘ಬೊಹೀಮಿಯನ್ ರಾಪ್ಸಡಿ’. ಹಾಡಿದ್ದು ಇಂಗ್ಲೆಂಡಿನ ಕ್ವೀನ್ ಎಂಬ ತಂಡ. ಮೊದಲು ಬಿಡುಗಡೆಯಾದದ್ದು 1975ರ ಅಕ್ಟೋಬರ್ 31ರಂದು. ಅಂದರೆ 2025ರ ಅಕ್ಟೋಬರಿಗೆ ಐವತ್ತು ವರ್ಷ ತುಂಬಿತು. ಹೆಸರು ಕೇಳಿ ಗೊತ್ತಿಲ್ಲ ಅಂದುಕೊಳ್ಳಬೇಡಿ. ರೀಲ್ಸ್ ನೋಡುವವರಾದರೆ ಇದರ ಒಂದಲ್ಲ ಒಂದು ತುಂಡು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಕತ್ತಲೆಯಲ್ಲಿ ನಾಲ್ಕು ಮುಖ ಮೇಲೆ ನೋಡುತ್ತಾ ಹಾಡುತ್ತವೆ, ‘ಗೆಲಿಲಿಯೋ ಗೆಲಿಲಿಯೋ’ ಅಂತ ಒಬ್ಬ ಕೀರಲು ದನಿಯಲ್ಲಿ ಕೂಗಿದರೆ ಇನ್ನೊಬ್ಬ ದಪ್ಪ ದನಿಯಲ್ಲಿ ಉತ್ತರ ಕೊಡುತ್ತಾನಲ್ಲ, ಅದೇ.

ನಾನು ಅದನ್ನು ಮೊದಲು ಕೇಳಿದ್ದು 2015ರಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಎಲ್ಲರೂ ಸೇರುತ್ತಾರೆ ಅಂತ ನಾನೂ ಇಂಜಿನಿಯರಿಂಗ್ ಸೇರಿದ್ದೆ. ಯಾವ ಕಾಲೇಜು ಅನ್ನುವುದು ಇಲ್ಲಿ ಬೇಡ, ತಪ್ಪು ಕಾಲೇಜಿನದ್ದಲ್ಲ. ರೂಮ್‌ಮೇಟ್ ಮಡಿಕೇರಿ ಕಡೆಯ ಹುಡುಗ. ಅವನ ಹತ್ತಿರ ಗಿಟಾರ್ ಇತ್ತು, ಲ್ಯಾಪ್‌ಟಾಪಿಗೆ ಎರಡು ಸ್ಪೀಕರ್ ಇತ್ತು. ಮೊದಲ ಸಲ ಈ ಹಾಡು ಹಾಕಿದಾಗ ನಾನು ನಕ್ಕುಬಿಟ್ಟೆ. ಮೆಲ್ಲಗೆ ಶುರುವಾಗುತ್ತದೆ, ಅಳುತ್ತದೆ, ಇದ್ದಕ್ಕಿದ್ದಂತೆ ಕೋಳಿಜಗಳದ ಥರ ಕೂಗಾಟ, ಆಮೇಲೆ ಲಾರಿ ಗುದ್ದಿದ ಹಾಗೆ ಗಿಟಾರು, ಕೊನೆಗೆ ಮತ್ತೆ ತಣ್ಣಗೆ. ‘ಇದು ಒಂದು ಹಾಡೋ, ನಾಲ್ಕೋ’ ಅಂತ ಕೇಳಿದೆ. ‘ಒಂದೇ’ ಅಂದ. ‘ಪಲ್ಲವಿ ಯಾವುದು’ ಅಂದೆ. ಅವನು ತಲೆ ಕೆರೆದುಕೊಂಡ. ಆಮೇಲೆ ಗೊತ್ತಾಯಿತು, ಈ ಹಾಡಿಗೆ ಪಲ್ಲವಿಯೇ ಇಲ್ಲ. ಒಂದು ಸಾಲು ಮತ್ತೆ ಮತ್ತೆ ಬಂದು ನಮ್ಮನ್ನು ಹಿಡಿದುಕೊಳ್ಳುವುದಿಲ್ಲ. ಆದರೂ 5 ನಿಮಿಷ 55 ಸೆಕೆಂಡಿನ ಇದನ್ನು ಜನ ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡಿದ್ದಾರೆ.

ನನಗೆ ಇದರ ದಾರಿ ಸಿಕ್ಕಿದ್ದು ನಮ್ಮ ತಾತನ ಕಡೆಯಿಂದ. ತಾತ ಮೂಡಲಪಾಯದ ಹಿಮ್ಮೇಳದಲ್ಲಿದ್ದವನು. ಚಿಕ್ಕವನಿದ್ದಾಗ ಚಾಪೆ ಹಾಸಿಕೊಂಡು ರಾತ್ರಿಯೆಲ್ಲ ಆಟ ನೋಡಿದ್ದೇನೆ. ಗಣಪತಿ ಸ್ತುತಿ ಆಗುತ್ತದೆ, ಆಮೇಲೆ ಯಾವಳೋ ತಾಯಿ ಮಗನಿಗಾಗಿ ಗೋಳಾಡುತ್ತಾಳೆ, ನಾವೆಲ್ಲ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹಾಸ್ಯಗಾರ ನುಗ್ಗಿ ಬಿದ್ದು ಎದ್ದು ನಗಿಸುತ್ತಾನೆ, ಅದರ ಹಿಂದೆಯೇ ಮದ್ದಳೆ ಬಿರುಸಾಗಿ ಯುದ್ಧ, ಬೆಳಕು ಹರಿಯುವಾಗ ಮಂಗಳ. ಒಂದೇ ಆಟದಲ್ಲಿ ಇಷ್ಟೆಲ್ಲ ಯಾಕೆ ಅಂತ ಯಾರೂ ಕೇಳುವುದಿಲ್ಲ. ಕ್ವೀನ್ ತಂಡದವರಿಗೆ ಮೂಡಲಪಾಯ ಗೊತ್ತಿರಲಿಲ್ಲ, ಅವರು ತಮಾಷೆಗೆ ಎಳೆದುಕೊಂಡು ಬಂದದ್ದು ಯುರೋಪಿನ ಒಪೆರಾವನ್ನು. ಆದರೆ ರಾತ್ರಿ ಆಟ ನೋಡಿ ಬೆಳೆದವನಿಗೆ ಆ ಅವತಾರ ಬದಲಾಗುವುದು ಹೊಸದಲ್ಲ. ‘ರಾಪ್ಸಡಿ’ ಎಂದರೆ ಸಂಗೀತದಲ್ಲಿ ಹಾಗೇ, ಒಂದು ಕಟ್ಟಿಗೆ ಸಿಗದೆ ಭಾವದಿಂದ ಭಾವಕ್ಕೆ ಹಾರುವ ರಚನೆ.

ಈ ಹಾಡು ರೆಕಾರ್ಡ್ ಆದ ಜಾಗವೂ ನಮ್ಮಂಥವರಿಗೆ ಖುಷಿ ಕೊಡುವಂಥದ್ದು. ಲಂಡನ್ನಿನ ದೊಡ್ಡ ಕಟ್ಟಡದಲ್ಲಿ ಶುರುವಾದದ್ದಲ್ಲ, ಒಂದು ಹಾಲಿನ ಡೈರಿ ಫಾರಂನಲ್ಲಿ. ವೇಲ್ಸ್‌ನ ಮನ್ಮತ್ ಎಂಬ ಊರಿನ ಹತ್ತಿರ ರಾಕ್‌ಫೀಲ್ಡ್ ಅಂತ ಇದೆ. ಅಲ್ಲಿ ಚಾರ್ಲ್ಸ್ ವಾರ್ಡ್, ಕಿಂಗ್ಸ್ಲಿ ವಾರ್ಡ್ ಎಂಬ ಅಣ್ಣತಮ್ಮಂದಿರು, ಹಸು ಸಾಕುವ ಮನೆಯವರು. ಹಾಡಿನ ಹುಚ್ಚು ಹತ್ತಿ 1960ರ ದಶಕದಲ್ಲಿ ಫಾರಂನ ಕಟ್ಟಡಗಳನ್ನೇ ಸ್ಟುಡಿಯೊ ಮಾಡಿದರು. ಹಾಡುವವರು ಅಲ್ಲೇ ಉಳಿದು, ಉಂಡು, ಮಲಗಿ ರೆಕಾರ್ಡ್ ಮಾಡುವ ಜಗತ್ತಿನ ಮೊದಮೊದಲ ಸ್ಟುಡಿಯೊಗಳಲ್ಲಿ ಅದೂ ಒಂದು. 1975ರ ಆಗಸ್ಟಿನಲ್ಲಿ ಕ್ವೀನ್ ತಂಡ ಅಲ್ಲಿಗೆ ಬಂದು ಈ ಹಾಡಿಗೆ ಕೈ ಹಾಕಿತು. ನಮ್ಮೂರಲ್ಲಿ ಯಾರಾದರೂ ದನದ ಕೊಟ್ಟಿಗೆಯನ್ನು ಸ್ಟುಡಿಯೊ ಮಾಡುತ್ತೇನೆ ಅಂದರೆ ಏನು ಮಾತು ಕೇಳಬೇಕಾಗುತ್ತದೆ ಅಂತ ನಿಮಗೇ ಗೊತ್ತು. ಆ ಅಣ್ಣತಮ್ಮಂದಿರೂ ಒಂದಷ್ಟು ಕೇಳಿರುತ್ತಾರೆ ಬಿಡಿ.

ತಂಡದ ಗಿಟಾರ್ ಕೂಡ ಅಂಗಡಿಯದ್ದಲ್ಲ. ಗಿಟಾರ್ ನುಡಿಸುವ ಬ್ರಯಾನ್ ಮೇ ಹುಡುಗನಾಗಿದ್ದಾಗ ಒಳ್ಳೆ ಗಿಟಾರ್ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪ ಮಗ ಸೇರಿ ಮನೆಯಲ್ಲೇ ಮಾಡಿದರು. ಹಿಡಿಗೆ ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಒಳಗೆ ಹಳೇ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ತಾಯಿಯ ಹೊಲಿಗೆ ಡಬ್ಬಿಯ ಗುಂಡಿಗಳು. ಇವತ್ತಿಗೂ ಅದನ್ನೇ ನುಡಿಸುತ್ತಾನೆ, ತಂತಿ ಮೀಟುವುದಕ್ಕೆ ಹಳೆಯ ಆರು ಪೆನ್ಸಿನ ನಾಣ್ಯ. ಈ ಹಾಡಿನಲ್ಲಿ ಅಳು ಮುಗಿದ ಮೇಲೆ ಒಂದು ಗಿಟಾರ್ ಬರುತ್ತದಲ್ಲ, ಅದು ಆ ಅಗ್ಗಿಷ್ಟಿಕೆಯ ಮರ.

ಕೂಗಾಟದ ಭಾಗದಲ್ಲಿ ನೂರಾರು ಜನ ಇದ್ದ ಹಾಗೆ ಕೇಳುತ್ತದೆ. ಇದ್ದದ್ದು ಮೂರೇ ಜನ. ಫ್ರೆಡ್ಡಿ ಮರ್ಕ್ಯುರಿ, ಬ್ರಯಾನ್ ಮೇ, ಡ್ರಮ್ ಬಾರಿಸುವ ರೋಜರ್ ಟೇಲರ್. ಎಲ್ಲಕ್ಕಿಂತ ಎತ್ತರದ ಕೀರಲು ಸ್ವರ ಡ್ರಮ್ಮಿನವನದ್ದೇ. ನಾಲ್ಕನೆಯವನು ಜಾನ್ ಡೀಕನ್ ಹಾಡುತ್ತಿರಲಿಲ್ಲ. ಮೂವರು ಹಾಡಿ, ಅದರ ಮೇಲೆ ಮತ್ತೆ ಹಾಡಿ, ಅದನ್ನೆಲ್ಲ ಒಂದು ಟೇಪಿಗೆ ಕೂಡಿಸಿ, ಅದರ ಮೇಲೆ ಮತ್ತೆ ಹಾಡಿ, ದಿನಕ್ಕೆ ಹತ್ತು ಹನ್ನೆರಡು ಗಂಟೆಯಂತೆ ಸುಮಾರು ಮೂರು ವಾರ. ಆಗ ಕಂಪ್ಯೂಟರ್ ಇಲ್ಲ. ಟೇಪು ಎಷ್ಟು ಸಲ ಓಡಿತೆಂದರೆ, ಅದರ ಮೇಲಿನ ಕಂದು ಲೇಪವೇ ಸವೆದು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತಿತ್ತು ಎಂದು ತಂಡದವರು ಆಮೇಲೆ ಹೇಳಿಕೊಂಡಿದ್ದಾರೆ. ಕ್ಯಾಸೆಟ್ಟಿನ ಸುರುಳಿಗೆ ಪೆನ್ಸಿಲ್ ಹಾಕಿ ತಿರುಗಿಸಿದವರಿಗೆ ಇದರ ಕಷ್ಟ ಗೊತ್ತಾಗುತ್ತದೆ.

ಹಾಡು ಮುಗಿದ ಮೇಲೆ ರೆಕಾರ್ಡ್ ಕಂಪನಿಗೆ ಹಿಡಿಸಲಿಲ್ಲ. ಇಷ್ಟುದ್ದದ ಹಾಡನ್ನು ಯಾವ ರೇಡಿಯೊ ಹಾಕುತ್ತದೆ, ಕತ್ತರಿಸಿ ಅಂದರು. ಮೂರು ನಿಮಿಷದ ಹಾಡುಗಳ ಕಾಲ ಅದು. ತಂಡ ಒಪ್ಪಲಿಲ್ಲ. ಲಂಡನ್ನಿನ ಕ್ಯಾಪಿಟಲ್ ರೇಡಿಯೊದಲ್ಲಿ ಕೆನ್ನಿ ಎವರೆಟ್ ಅಂತ ಒಬ್ಬ, ಮರ್ಕ್ಯುರಿಯ ಗೆಳೆಯ. ಅವನ ಕೈಗೆ ಒಂದು ಪ್ರತಿ ಸಿಕ್ಕಿತು. ಹಾಕಬೇಡ ಅಂತ ಹೇಳಿಯೇ ಕೊಟ್ಟಿದ್ದರಂತೆ. ಅವನು ಮೊದಲು ತುಂಡು ತುಂಡು ಹಾಕಿ ಆಸೆ ಹುಟ್ಟಿಸಿ, ಆಮೇಲೆ ಆ ಶನಿವಾರ ಭಾನುವಾರದಲ್ಲಿ 14 ಸಲ ಹಾಕಿದ. ಸೋಮವಾರ ಜನ ಅಂಗಡಿಗೆ ಹೋದರೆ ರೆಕಾರ್ಡು ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನ. ಅದನ್ನು ಕೆಳಗಿಳಿಸಿದ್ದು ಅಬ್ಬಾ ತಂಡದ ‘ಮಮ್ಮಾ ಮಿಯಾ’. ತಮಾಷೆಯೆಂದರೆ ಆ ಎರಡು ಪದ ಈ ಹಾಡಿನೊಳಗೂ ಇದೆ.

ನನ್ನ ವಿಷಯಕ್ಕೆ ಬರುತ್ತೇನೆ.

ಎರಡನೇ ವರ್ಷದಲ್ಲಿ ನನಗೆ ಐದು ಸಬ್ಜೆಕ್ಟ್ ಹೋಯಿತು. ಇಯರ್ ಬ್ಯಾಕ್. ಅಂದರೆ ಮೂರನೇ ವರ್ಷಕ್ಕೆ ಹೋಗುವ ಹಾಗಿಲ್ಲ, ಒಂದು ವರ್ಷ ಸುಮ್ಮನೆ ಕೂತು ಬಾಕಿ ವಿಷಯ ಪಾಸು ಮಾಡಿಕೊಳ್ಳಬೇಕು. ಮನೆಯಲ್ಲಿ ಹೇಳಲಿಲ್ಲ. ಊರಿಗೆ ಹೋದಾಗ ‘ಮೂರನೇ ವರ್ಷದ ಫೀಸು’ ಅಂದೆ. ಆ ವರ್ಷ ಮಳೆ ಇಲ್ಲ, ತೆಂಗಿಗೆ ನುಸಿ, ಕೈಯಲ್ಲಿ ಕಾಸಿಲ್ಲ. ಅವ್ವ ಮಾತಾಡದೆ ಒಳಗೆ ಹೋಗಿ ಬೆಂಡೋಲೆ ಬಿಚ್ಚಿ ತಂದಳು. ಅವಳ ತವರಿನವರು ಮದುವೆಯಲ್ಲಿ ಹಾಕಿದ್ದು. ಗಿರವಿ ಅಂಗಡಿಯಲ್ಲಿ 28 ಸಾವಿರ ಬಂತು. ನಾನೇ ಅವಳ ಜೊತೆ ಹೋಗಿದ್ದೆ. ಬಿಲ್ಲಿಗೆ ಹೆಬ್ಬೆಟ್ಟು ಬೇಡ ಅಂತ ಅವಳು ನಿಧಾನಕ್ಕೆ ಅಕ್ಷರ ಕೂಡಿಸಿ ಸಹಿ ಮಾಡಿದ್ದನ್ನು ನಿಂತು ನೋಡಿದೆ.

ಆ ದುಡ್ಡಿನಲ್ಲಿ ರೂಮು ಬಾಡಿಗೆ, ಮೆಸ್ಸು, ಮೊಬೈಲ್ ರೀಚಾರ್ಜ್. ಪರೀಕ್ಷೆಗೆ ಓದಿದೆ ಅಂತ ಹೇಳಿದರೆ ಅದೂ ಸುಳ್ಳು. ಹಗಲು ಮಲಗುತ್ತಿದ್ದೆ, ರಾತ್ರಿ ಎದ್ದು ಕೂರುತ್ತಿದ್ದೆ. ಅಂಥ ಒಂದು ರಾತ್ರಿ ರೂಮ್‌ಮೇಟ್ ಮತ್ತೆ ಅದೇ ಹಾಡು ಹಾಕಿದ. ಬೇಜಾರಿಗೆ ‘ಆ ಅಳೋ ಭಾಗದಲ್ಲಿ ಏನು ಹೇಳ್ತಾನೆ ಮಾರಾಯ’ ಅಂದೆ. ಅವನು ಕನ್ನಡದಲ್ಲಿ ಹೇಳಿದ. ಹುಡುಗನೊಬ್ಬ ತಾಯಿಯ ಹತ್ತಿರ, ಒಬ್ಬನನ್ನು ಕೊಂದುಬಿಟ್ಟೆ ಅಂತ ಒಪ್ಪಿಕೊಳ್ಳುತ್ತಿದ್ದಾನೆ. ಬದುಕು ಶುರುವಾಗುವ ಹೊತ್ತಿಗೇ ಅದನ್ನು ಹಾಳು ಮಾಡಿಕೊಂಡೆ ಅನ್ನುತ್ತಿದ್ದಾನೆ. ನಿನ್ನನ್ನು ಅಳಿಸಬೇಕು ಅಂತ ಇರಲಿಲ್ಲ ಅನ್ನುತ್ತಿದ್ದಾನೆ.

ನಾನು ಯಾರನ್ನೂ ಕೊಂದಿರಲಿಲ್ಲ. ಆದರೂ ಆ ರಾತ್ರಿ ಎದ್ದು ಹೊರಗೆ ಹೋಗಿ ನೀರಿನ ಟ್ಯಾಂಕಿನ ಹತ್ತಿರ ಕೂತೆ. ಎಂಟು ತಿಂಗಳಿಂದ ಕೋಳಿಜಗಳ ಅಂತ ನಗುತ್ತಿದ್ದ ಹಾಡಿನಲ್ಲಿ ನನ್ನ ವಿಷಯವೇ ಇತ್ತು.

ಇದನ್ನು ಬರೆದವನ ಬಗ್ಗೆ ಆಮೇಲೆ ಓದುತ್ತಾ ಹೋದೆ. ಫ್ರೆಡ್ಡಿ ಮರ್ಕ್ಯುರಿ ಅಂದರೆ ಬಿಳಿಯನೆಂದೇ ನನ್ನ ಲೆಕ್ಕ. ಅಲ್ಲ. ಹುಟ್ಟುಹೆಸರು ಫಾರೂಖ್ ಬಲ್ಸಾರಾ, ಗುಜರಾತಿನ ಮೂಲದ ಪಾರ್ಸಿ. ಬಲ್ಸಾರಾ ಎನ್ನುವುದು ಬಲ್ಸಾರ್, ಅಂದರೆ ಈಗಿನ ವಲ್ಸಾಡ್ ಊರಿನಿಂದ ಬಂದ ಅಡ್ಡಹೆಸರು. ಹುಟ್ಟಿದ್ದು 1946ರಲ್ಲಿ, ಆಫ್ರಿಕಾದ ಜಂಜಿಬಾರ್ ದ್ವೀಪದಲ್ಲಿ. ಅಪ್ಪ ಅಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್. ಎಂಟು ವರ್ಷದ ಹುಡುಗನನ್ನು ಸಮುದ್ರ ದಾಟಿಸಿ ಓದಲು ಕಳಿಸಿದ್ದು ಮಹಾರಾಷ್ಟ್ರದ ಪಂಚಗಣಿಗೆ. ನಮ್ಮ ಬೆಳಗಾವಿಯಿಂದ ಪುಣೆಗೆ ಹೋಗುವ ದಾರಿಯಲ್ಲಿ ಸಾತಾರಾ ದಾಟಿ, ವಾಯಿ ಮೇಲೆ ಘಟ್ಟ ಹತ್ತಿದರೆ ಸಿಗುವ ಊರು. ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಇದ್ದ, ಅಲ್ಲೇ ‘ದಿ ಹೆಕ್ಟಿಕ್ಸ್’ ಅಂತ ಹುಡುಗರ ತಂಡ ಕಟ್ಟಿ ಪಿಯಾನೊ ನುಡಿಸಿದ. 1964ರಲ್ಲಿ ಜಂಜಿಬಾರಿನಲ್ಲಿ ಕ್ರಾಂತಿಯಾಗಿ, ಮನೆಮಂದಿಯೆಲ್ಲ ಇದ್ದದ್ದನ್ನು ಬಿಟ್ಟು ಇಂಗ್ಲೆಂಡಿಗೆ ಓಡಬೇಕಾಯಿತು.

ಎಂಟು ವರ್ಷಕ್ಕೆ ತಾಯಿಯಿಂದ ಒಂದು ಸಮುದ್ರ ದೂರ ಹೋದ ಹುಡುಗ. ಹಾಡಿನ ಅಮ್ಮ ಅಲ್ಲಿಂದ ಬಂದಳು ಎಂದು ನಾನು ಹೇಳಲಾರೆ. ಹೇಳಬೇಕಾದವನು ಒಂದು ಮಾತೂ ಬಿಚ್ಚಿ ಹೇಳಲಿಲ್ಲ. ಈ ಹಾಡಿನ ಅರ್ಥ ಕೇಳಿದವರಿಗೆಲ್ಲ, ನೀವೇ ಕೇಳಿ ನೀವೇ ತಿಳಿದುಕೊಳ್ಳಿ ಅನ್ನುವ ಥರ ಜಾರಿಕೊಂಡ. ಹಾಗಾಗಿ ಕೇಳಿದವರು ತಮಗೆ ಬೇಕಾದದ್ದನ್ನು ತುಂಬಿಕೊಂಡರು. ಅವನು ಗಂಡಸರನ್ನೂ ಪ್ರೀತಿಸುತ್ತಿದ್ದ, ಆ ಗುಟ್ಟನ್ನೇ ಕೊಲೆಯ ಕಥೆ ಮಾಡಿ ತಾಯಿಗೆ ಹೇಳಿದ್ದಾನೆ ಎನ್ನುವವರು ಇದ್ದಾರೆ. ಹಾಡಿನಲ್ಲಿ ‘ಬಿಸ್ಮಿಲ್ಲಾ’ ಅನ್ನುವ ಮಾತು ಬರುತ್ತದೆ. 2004ರಲ್ಲಿ ಇರಾನಿನಲ್ಲಿ ಕ್ವೀನ್ ಕ್ಯಾಸೆಟ್ ಬಿಡುಗಡೆಗೆ ಅನುಮತಿ ಸಿಕ್ಕಾಗ, ಜೊತೆಗೆ ಅರ್ಥ ಹೇಳುವ ಚೀಟಿಯನ್ನೂ ಇಟ್ಟಿದ್ದರು. ಕೈತಪ್ಪಿ ಕೊಲೆ ಮಾಡಿ, ಸೈತಾನನಿಗೆ ಆತ್ಮ ಮಾರಿಕೊಂಡ ಹುಡುಗ ಗಲ್ಲಿನ ಹಿಂದಿನ ರಾತ್ರಿ ದೇವರನ್ನು ಕರೆದು ಆತ್ಮ ಉಳಿಸಿಕೊಳ್ಳುತ್ತಾನೆ, ಎಂದು. ಒಂದು ಹಾಡು, ಊರಿಗೊಂದು ಅರ್ಥ. ನಾನು ಅದರೊಳಗೆ ನನ್ನ ಐದು ಸಬ್ಜೆಕ್ಟು ಮತ್ತು ಬೆಂಡೋಲೆ ಹುಡುಕಿದ್ದು ತಪ್ಪೇನಲ್ಲ ಅಂದುಕೊಳ್ಳುತ್ತೇನೆ.

2023ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೋದೆಬಿ ಸಂಸ್ಥೆ ಅವನ ಸಾಮಾನುಗಳನ್ನು ಹರಾಜು ಹಾಕಿತು. ಈ ಹಾಡಿನ ಕೈಬರಹದ ಹಾಳೆಗಳೂ ಇದ್ದವು, ಯಾವುದೋ ವಿಮಾನ ಕಂಪನಿಯ ಹಾಳೆಗಳ ಮೇಲೆ ಗೀಚಿದ್ದು. ಅದರಲ್ಲಿ ಮೊದಲು ‘ಮಂಗೋಲಿಯನ್ ರಾಪ್ಸಡಿ’ ಅಂತ ಬರೆದು, ಹೊಡೆದು ಹಾಕಿ, ‘ಬೊಹೀಮಿಯನ್’ ಮಾಡಿದ್ದಾನೆ. ಆ ಹಾಳೆಗಳಿಗೆ ಬಂದದ್ದು ಸುಮಾರು 13 ಲಕ್ಷ 80 ಸಾವಿರ ಪೌಂಡು, ನಮ್ಮ ಲೆಕ್ಕದಲ್ಲಿ 14 ಕೋಟಿ ರೂಪಾಯಿ. ಹಾಡು ಕಟ್ಟಿದ ಪಿಯಾನೊಗೆ 17 ಲಕ್ಷ ಪೌಂಡಿನ ಮೇಲೆ.

ಹಳೇ ಹಾಡುಗಳು ಹಳೇ ಜನರ ಜೊತೆಗೇ ಹೋಗಿಬಿಡುತ್ತವೆ, ಸಾಮಾನ್ಯವಾಗಿ. ಇದು ಹೋಗಲಿಲ್ಲ. ಪ್ರತಿ ಹದಿನೈದು ಇಪ್ಪತ್ತು ವರ್ಷಕ್ಕೆ ಬೇರೆ ಪೆಟ್ಟಿಗೆಯಿಂದ ಎದ್ದು ಬಂತು. 1975ರಲ್ಲಿ ರೇಡಿಯೊ, ಅದರ ಹಿಂದೆಯೇ ಟಿವಿ. ಆ ಕೂಗಾಟವನ್ನು ವೇದಿಕೆಯಲ್ಲಿ ಮೂರು ಜನ ಹಾಡಲು ಸಾಧ್ಯವಿಲ್ಲವಲ್ಲ, ಅದಕ್ಕೇ ಬ್ರೂಸ್ ಗೋವರ್ಸ್ ಎಂಬ ನಿರ್ದೇಶಕನಿಂದ ಒಂದು ವಿಡಿಯೊ ಮಾಡಿಸಿ ಟಿವಿಗೆ ಕೊಟ್ಟರು. ಹಾಡಿಗೆ ವಿಡಿಯೊ ಬೇಕು ಎನ್ನುವ ಪದ್ಧತಿ ಬಲವಾಗಿ ಬೇರು ಬಿಟ್ಟದ್ದು ಅದರಿಂದ. ವೇದಿಕೆಯಲ್ಲೂ ಅಷ್ಟೇ, ಆ ಭಾಗ ಬಂದಾಗ ತಂಡದವರು ದೀಪ ಆರಿಸಿ ಒಳಗೆ ಹೋಗಿಬಿಡುತ್ತಿದ್ದರು, ಟೇಪ್ ಹಾಡುತ್ತಿತ್ತು. ಮುಂದಿನ ಗಿಟಾರ್ ಸಿಡಿಯುವಾಗ ಓಡಿ ಬರುತ್ತಿದ್ದರು. ನಮ್ಮ ಆಟದಲ್ಲಿ ವೇಷ ಬದಲಿಸಲು ಚೌಕಿಗೆ ಹೋದ ಹಾಗೆ. 1985ರ ಜುಲೈ 13ರಂದು ಇಥಿಯೋಪಿಯಾದ ಬರಕ್ಕೆಂದು ನಡೆದ ಲೈವ್ ಏಡ್ ಕಾರ್ಯಕ್ರಮದಲ್ಲಿ ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ ಚಿಲ್ಲರೆ. ಅವರು ಶುರು ಮಾಡಿದ್ದೇ ಈ ಹಾಡಿನ ಅಮ್ಮನ ಭಾಗದಿಂದ, ಕೂಗಾಟವನ್ನು ಮುಟ್ಟಲೇ ಇಲ್ಲ.

1991ರ ನವೆಂಬರ್ 23ರಂದು ಮರ್ಕ್ಯುರಿ ತನಗೆ ಏಡ್ಸ್ ಇದೆ ಎಂದು ಜಗತ್ತಿಗೆ ತಿಳಿಸಿದ. ಮರುದಿನ ತೀರಿಕೊಂಡ, 45 ವರ್ಷ. ಹಾಡನ್ನು ಮತ್ತೆ ಬಿಡುಗಡೆ ಮಾಡಿದರು, ಬಂದ ಹಣ ಏಡ್ಸ್ ರೋಗಿಗಳ ಸಂಸ್ಥೆಗೆ. ಮತ್ತೆ ಐದು ವಾರ ಮೊದಲ ಸ್ಥಾನ. ಮರುವರ್ಷ ಅಮೆರಿಕದಲ್ಲಿ ‘ವೇಯ್ನ್ಸ್ ವರ್ಲ್ಡ್’ ಎಂಬ ಸಿನಿಮಾ. ಐವರು ಪಡ್ಡೆ ಹುಡುಗರು ಚಿಕ್ಕ ಕಾರಿನಲ್ಲಿ ಒತ್ತಿಕೊಂಡು ಕೂತು ಈ ಹಾಡಿಗೆ ಬಾಯಿ ಕೂಡಿಸಿ, ಗಿಟಾರ್ ಬಂದಾಗ ಕೂದಲು ಕೆದರಿ ತಲೆ ಕುಣಿಸುತ್ತಾರೆ. ಅಷ್ಟಕ್ಕೇ ಹಾಡು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಬಂತು. 1976ರಲ್ಲಿ ಹೊಸದಾಗಿದ್ದಾಗ ಅಲ್ಲಿ ಒಂಬತ್ತನೇ ಸ್ಥಾನ ದಾಟಿರಲಿಲ್ಲ. 2009ರಲ್ಲಿ ಮಪೆಟ್ಸ್ ಗೊಂಬೆಗಳು ಹಾಡಿದವು. ಅದರಲ್ಲಿ ಕೆದರಿದ ಕೂದಲಿನ ಡ್ರಮ್ ಗೊಂಬೆ ಬರೀ ಅಮ್ಮಾ ಅಮ್ಮಾ ಅಂತ ಕಿರುಚುತ್ತದೆ, ಮಕ್ಕಳಿಗೆ ತೋರಿಸಿ, ಬಿದ್ದು ಬಿದ್ದು ನಗುತ್ತವೆ. 2018ರಲ್ಲಿ ಹಾಡಿನ ಹೆಸರಿನದ್ದೇ ಸಿನಿಮಾ ಬಂತು, ರಾಮಿ ಮಾಲೆಕ್‌ಗೆ ಆಸ್ಕರ್ ಸಿಕ್ಕಿತು. ನನಗೆ ಆ ಸಿನಿಮಾ ಅಷ್ಟಾಗಿ ಹಿಡಿಸಲಿಲ್ಲ. ಕಾಯಿಲೆ ಗೊತ್ತಾದದ್ದನ್ನು ಲೈವ್ ಏಡ್‌ಗಿಂತ ಮುಂಚೆ ತಂದಿಟ್ಟಿದ್ದಾರೆ, ಕಣ್ಣೀರು ಹೆಚ್ಚಲಿ ಅಂತ. ಇದ್ದ ಬದುಕಿನಲ್ಲೇ ಅಳು ಸಾಕಷ್ಟಿತ್ತು. ಹಾಡು ಬೇಡ ಅನ್ನುವ ಕಂಪನಿ ಸಾಹೇಬನ ಪಾತ್ರಕ್ಕೆ ವೇಯ್ನ್ಸ್ ವರ್ಲ್ಡ್‌ನ ಮೈಕ್ ಮೈಯರ್ಸ್‌ನನ್ನೇ ಹಾಕಿದ್ದು ಮಾತ್ರ ಒಳ್ಳೆ ಕುಚೋದ್ಯ. 2019ರಲ್ಲಿ ಯೂಟ್ಯೂಬಿನಲ್ಲಿ ಹಾಡಿನ ವಿಡಿಯೊ 100 ಕೋಟಿ ವೀಕ್ಷಣೆ ದಾಟಿತು.

ಲಂಡನ್ನಿನ ಹೈಡ್ ಪಾರ್ಕಿನ ಒಂದು ವಿಡಿಯೊ ಇದೆ, 2017ರದ್ದು, ಸಿಕ್ಕರೆ ನೋಡಿ. ಗ್ರೀನ್ ಡೇ ಎಂಬ ಬೇರೆಯೇ ತಂಡದ ಕಾರ್ಯಕ್ರಮ. ಅವರು ಇನ್ನೂ ವೇದಿಕೆಗೆ ಬಂದಿಲ್ಲ, ಸ್ಪೀಕರಿನಲ್ಲಿ ಈ ಹಾಡು ಹಾಕಿದ್ದಾರೆ ಅಷ್ಟೇ. ಸೇರಿದ್ದ ಅರುವತ್ತು ಸಾವಿರ ಚಿಲ್ಲರೆ ಜನ ಪೂರ್ತಿ ಹಾಡುತ್ತಾರೆ. ಖಾಲಿ ವೇದಿಕೆ ನೋಡಿಕೊಂಡು. ಬಹಳ ಮಂದಿ ಈ ಹಾಡು ಬಂದಾಗ ಹುಟ್ಟೇ ಇರದವರು.

ನಾನು ಅವ್ವನಿಗೆ ಹೇಳಿದ್ದು ಹೀಗೆ. ನೀರಿನ ಟ್ಯಾಂಕಿನ ಆ ರಾತ್ರಿಯಾಗಿ ನಾಲ್ಕು ದಿನಕ್ಕೆ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನ್ ಮಾಡಿದೆ. ಎದುರಿಗೆ ನಿಂತು ಹೇಳುವ ಧೈರ್ಯ ಇರಲಿಲ್ಲ. ‘ಅವ್ವ, ನಾನು ಫೇಲಾಗಿವ್ನಿ. ಹೋದ್ ವರ್ಷನೇ. ಓಲೆ ದುಡ್ಡು ಫೀಸಿಗಲ್ಲ’ ಅಂದೆ. ಆ ಕಡೆಯಿಂದ ಉಸಿರು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಇಪ್ಪತ್ತು ದಿನ ಮಾತಿಲ್ಲ. ಊರಿಗೆ ಹೋದರೆ ತಟ್ಟೆಗೆ ಮುದ್ದೆ ಹಾಕಿ ಹಟ್ಟಿ ಕಡೆ ಹೋಗಿಬಿಡುತ್ತಿದ್ದಳು. ನಾನು ಇಂಜಿನಿಯರಿಂಗ್ ಬಿಟ್ಟೆ, ಮುಂದಿನ ವರ್ಷ ಪತ್ರಿಕೋದ್ಯಮ ಇರುವ ಬಿ.ಎ. ಸೇರಿದೆ, ಸಂಜೆ ಹೊತ್ತು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿದೆ. ಆದರೆ ಬಡ್ಡಿ ಕಟ್ಟುವಷ್ಟು ಮಿಗಲಿಲ್ಲ. ಓಲೆ ಮುಳುಗಿಹೋಯಿತು. ಅವ್ವನ ಕಿವಿಯಲ್ಲಿ ಆವತ್ತಿನಿಂದ ಜಾತ್ರೆಯಲ್ಲಿ ಕೊಂಡ ಗಿಲೀಟಿನದ್ದು. ಕೆಲಸ ಸಿಕ್ಕ ಮೇಲೆ ಎರಡು ಸಲ ಕೇಳಿದೆ. ‘ಗ್ರಾಮಿಗೆ ಹತ್ತು ಸಾವಿರದ ಮ್ಯಾಲೆ ಆಗೈತಂತೆ, ತೆಪ್ಪಗಿರು’ ಅಂದಳು. ಆ ಫೋನಿನ ವಿಷಯ ಮಾತ್ರ ನಾವಿಬ್ಬರೂ ಎತ್ತಿರಲಿಲ್ಲ.

ಈಗ ಅವರೆಕಾಳಿನ ರಾತ್ರಿಗೆ ವಾಪಸ್ ಬರುತ್ತೇನೆ. ಅವ್ವ ಕೇಳಿದ್ದಕ್ಕೆ ಹಾಡಿನ ಕಥೆ ಹೇಳಿದೆ. ಕೊಲೆ ಮಾಡಿ ಬಂದು ತಾಯಿಗೆ ಒಪ್ಪಿಕೊಳ್ಳುತ್ತಿದ್ದಾನೆ ಅಂದೆ. ಅವಳು ‘ಅಯ್ಯೋ ಮುಂಡೇದೇ’ ಅಂದು, ಮತ್ತೆ ಕಾಳು ಹಿದುಕುತ್ತಾ ಕೇಳಿಸಿಕೊಂಡಳು. ಕೂಗಾಟ ಬಂದಾಗ ‘ಇದ್ಯಾರು, ಪೊಲೀಸ್ನೋರಾ’ ಅಂದಳು. ಹಾಡಿನಲ್ಲಿ ಒಂದು ಗುಂಪು ಅವನನ್ನು ಬಿಡಿ ಅನ್ನುತ್ತದೆ, ಇನ್ನೊಂದು ಬಿಡುವುದಿಲ್ಲ ಅನ್ನುತ್ತದೆ. ಹಾಗಾಗಿ ಅದೂ ಅಷ್ಟೇನು ತಪ್ಪಲ್ಲ. ಕೊನೆಯ ಜಾಗಟೆ ಸದ್ದು ಆರಿದ ಮೇಲೆ ಕೇಳಿದಳು.

‘ಅವ್ರವ್ವ ಏನಂದ್ಲು?’

ನನಗೆ ಉತ್ತರ ಹೊಳೆಯಲಿಲ್ಲ. ಹತ್ತು ವರ್ಷದಿಂದ ಕೇಳುತ್ತಿದ್ದೇನೆ, ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಈ ಪ್ರಶ್ನೆ ಬಂದಿರಲಿಲ್ಲ. ಮನಸ್ಸಿನಲ್ಲೇ ಹಾಡನ್ನು ಮೊದಲಿಂದ ಓಡಿಸಿದೆ. ಇಲ್ಲ. ಸೈತಾನ ಬರುತ್ತಾನೆ, ಗೆಲಿಲಿಯೋ ಬರುತ್ತಾನೆ, ಗುಡುಗು ಮಿಂಚು ಬರುತ್ತದೆ. ತಾಯಿ ಬಾಯಿ ಬಿಡುವುದೇ ಇಲ್ಲ.

‘ಅವ್ಳು ಏನೂ ಅನ್ನಲ್ಲ ಕಣವ್ವ. ಹಾಡಲ್ಲಿ ಇಲ್ಲ.’

‘ಗಂಡಸ್ರು ಕಟ್ಟಿರೋದು’ ಅಂದಳು.

ಹಾಡು ಬರೆದವನ ನಿಜವಾದ ತಾಯಿಯ ಬಗ್ಗೆ ಹೇಳಿದೆ. ಹೆಸರು ಜೆರ್ ಬಲ್ಸಾರಾ. ಮಗ ಸತ್ತ ಮೇಲೆ ಇಪ್ಪತ್ತೈದು ವರ್ಷ ಬದುಕಿದ್ದಳು, 2016ರಲ್ಲಿ 94ನೇ ವಯಸ್ಸಿಗೆ ತೀರಿಕೊಂಡಳು. ಮಗ ತನ್ನ ಖಾಸಗಿ ಬದುಕಿನ ವಿಷಯಗಳನ್ನು ಮನೆಯವರ ಹತ್ತಿರ ಎತ್ತುತ್ತಿರಲಿಲ್ಲ, ನಮಗೆ ನೋವಾಗಬಾರದೆಂದು ಹಾಗೆ ಮಾಡಿದ, ನಾವೂ ಕೇಳಲಿಲ್ಲ ಎನ್ನುವ ಅರ್ಥದಲ್ಲಿ ಮುದುಕಿ ಕೊನೆಗಾಲದಲ್ಲಿ ಮಾತಾಡಿದ್ದಳು. ಇದನ್ನು ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು. ಅವ್ವ ನನ್ನ ಮುಖ ನೋಡಲಿಲ್ಲ. ಪಾತ್ರೆಯಲ್ಲಿ ಕೈಯಾಡಿಸುತ್ತಾ ಕೂತಿದ್ದಳು.

‘ಆವತ್ತು ಫೋನ್ನಾಗೆ ನಾನ್ ಕಟ್ ಮಾಡ್ಲಿಲ್ಲ ಕಣ್ಲಾ’ ಅಂದಳು. ‘ಎಲ್ಡ್ ದಿನದಿಂದ ಕರೆಂಟ್ ಇರ್ಲಿಲ್ಲ. ಚಾರ್ಜ್ ಮುಗುದ್ ಹೋಯ್ತು.’

ನಾನು ಸುಮ್ಮನಿದ್ದೆ.

‘ಆಮ್ಯಾಲೆ ಮಾತಾಡ್ಸ್ದೆ ಇದ್ದದ್ದು ಬ್ಯಾರೆ. ಅದು ಸಿಟ್ಟಿಗೇ.’

ಹೊರಗೆ ನಾಯಿ ಬೊಗಳಿತು. ಅವಳು ಸೊಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

‘ಫೋನ್ ಮುಗೀದೆ ಇದ್ದಿದ್ರೆ ಏನಂತಿದ್ದೆ?’ ಅಂತ ಕೇಳಿದೆ.

‘ಅದ್ಯಾಕೀಗ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಇನ್ನೊಂದ್ ಕಿತ ಹಾಕು ಅದ್ನ. ಆ ಅಳೋದ್ ಗಂಟ ಸಾಕು, ಕೂಗಾಡೋದ್ ಬ್ಯಾಡ.’

ಹಾಕಿದೆ. ಅವ್ವ ಅವರೆಕಾಳಿನ ಪಾತ್ರೆಯನ್ನು ನನ್ನ ಕಡೆಗೆ ತಳ್ಳಿದಳು. ನಾನೂ ಹಿದುಕುತ್ತಾ ಕೂತೆ. ಕೂಗಾಟ ಶುರುವಾದಾಗ ಇಬ್ಬರ ಕೈಯೂ ಒದ್ದೆಯಿತ್ತು, ಯಾರೂ ನಿಲ್ಲಿಸಲಿಲ್ಲ.